ಮೊನಚು ಕಮಾನಿನ ತುದಿಗೆ ಭಾರ ಬೇಕು

ವಿಜಯಪುರದ ಬಾರಾ ಕಮಾನಿಗೆ ಸೂರಿಲ್ಲ. ಎರಡನೇ ಅಲಿ ಆದಿಲ್ ಶಾಹನ ಗೋರಿಗೆಂದು ಶುರುವಾದ ಕಟ್ಟಡ ಅರ್ಧಕ್ಕೇ ನಿಂತಿತು. ಅವನು ತೀರಿಕೊಂಡದ್ದು 1672ರಲ್ಲಿ. ಅದರ ಕರಿಕಲ್ಲಿನ ಮೊನಚು ಕಮಾನುಗಳು ಮಾತ್ರ ಇಂದಿಗೂ ಬಯಲಲ್ಲಿ ನಿಂತಿವೆ. ಕಲ್ಲುಗಳ ನಡುವಿನ ಸುಣ್ಣದ ಗಾರೆಗೆ ಎಳೆತ ತಡೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು. ಕಮಾನನ್ನು ಹಿಡಿದಿರುವುದು ಕಲ್ಲು ಕಲ್ಲನ್ನು ಒತ್ತುವ ಬಲ.

ಆ ಒತ್ತಡ ಹರಿಯುವ ದಾರಿಯನ್ನು ಮನೆಯಲ್ಲೇ ನೋಡಬಹುದು. ಎರಡು ಮೊಳೆಗಳ ನಡುವೆ ಒಂದು ಸರಪಳಿ ಇಳಿಬಿಡಿ. ಅದರ ಬಾಗನ್ನು ತಲೆಕೆಳಗು ಮಾಡಿದರೆ ಕಮಾನಿನೊಳಗಿನ ಒತ್ತಡದ ಗೆರೆ ಸಿಗುತ್ತದೆ; ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲೇ ಇದನ್ನು ಒಗಟಿನ ರೂಪದಲ್ಲಿ ಅಚ್ಚು ಮಾಡಿಸಿದ್ದ. ಈಗ ಸರಪಳಿಯ ನಟ್ಟನಡುವೆ ಒಂದು ಬೀಗದ ಕೈ ಗೊಂಚಲು ಸಿಕ್ಕಿಸಿ. ದುಂಡಗಿನ ಬಾಗು ಚೂಪಾಗುತ್ತದೆ. ಮೊನಚು ಕಮಾನು ಬಯಸುವುದು ಇದನ್ನೇ: ನೆತ್ತಿಯ ಮೇಲೆ ಒಂದಿಷ್ಟು ಭಾರ. ನೆತ್ತಿ ಹಗುರಾಗಿ ಪಕ್ಕೆಗಳ ಮೇಲೆ ತುಂಬುಗಲ್ಲು ಅತಿಯಾದರೆ ಪಕ್ಕೆ ಒಳಕ್ಕೆ ಕುಸಿದು ತುದಿ ಮೇಲಕ್ಕೆ ಚಿಮ್ಮುತ್ತದೆ.

ಲಾಭ ಇರುವುದು ಬುಡದಲ್ಲಿ. 6 ಮೀಟರ್ ಅಗಲದ ಕಮಾನಿನ ಮೇಲೆ ಮೀಟರಿಗೆ 2 ಟನ್ ಭಾರ ಸಮನಾಗಿ ಬಿದ್ದಿದೆ ಎನ್ನಿ. ಅರ್ಧವೃತ್ತವಾದರೆ ಎತ್ತರ 3 ಮೀಟರ್. ಅದು ಪ್ರತಿ ಕಂಬವನ್ನೂ ಹೊರಕ್ಕೆ ಸುಮಾರು 3 ಟನ್ ಬಲದಿಂದ ತಳ್ಳುತ್ತದೆ. ಅಗಲದಷ್ಟೇ ತ್ರಿಜ್ಯ ಹಿಡಿದು ಎರಡು ಬುಡಗಳಿಂದ ಎಳೆದ ಮೊನಚು ಕಮಾನಿನ ಎತ್ತರ 5.2 ಮೀಟರ್, ತಳ್ಳುವ ಬಲ 1.7 ಟನ್ನಿನ ಆಸುಪಾಸು. ಹೆಚ್ಚು ಕಡಿಮೆ ಅರ್ಧ!

ಅಷ್ಟಾದರೂ ತಳ್ಳುವುದು ತಪ್ಪಲಿಲ್ಲ. ಪಾಯ ಕೂತು ಕಂಬ ಕೂದಲೆಳೆಯಷ್ಟು ಸರಿದರೂ ಕಲ್ಲುಸಂದು ಬಾಯಿಬಿಟ್ಟು ಕೀಲಿನಂತೆ ತಿರುಗುತ್ತದೆ. ಒತ್ತಡದ ಗೆರೆ ಕಲ್ಲಿನ ದಪ್ಪದೊಳಗೇ ಇರುವವರೆಗೆ ಇಂಥ ಬಿರುಕಿಗೆ ಹೆದರಬೇಕಿಲ್ಲ. ಅಂದಹಾಗೆ, ಮೊನಚು ಕಮಾನಿನಲ್ಲಿ ಮೇಲಿನ ಬಿರುಕನ್ನು ತುದಿಯಲ್ಲೇ ಹುಡುಕಿದರೆ ತಪ್ಪಿಹೋಗಬಹುದು: ಬಾಗಿದ ಗೆರೆ ಚೂಪು ಮೂಲೆಯನ್ನು ಮುಟ್ಟಲಾರದು, ತುಸು ಪಕ್ಕದಲ್ಲೇ ಹೊರಮೈಗೆ ತಾಗುತ್ತದೆ. ಅಲ್ಲಿ ಸಂದು ಕೆಳಗಿನಿಂದ ತೆರೆದುಕೊಳ್ಳುತ್ತದೆ. ಆ ಸಂದಿಗೆ ಸಿಮೆಂಟು ಮೆತ್ತುವುದು ಕೆಟ್ಟ ಕೆಲಸ. ಅದು ನೀರನ್ನು ಒಳಗೇ ಕಟ್ಟಿಹಾಕುತ್ತದೆ, ಕಲ್ಲಿನ ಅಂಚು ಸಿಡಿಯುತ್ತದೆ. ಸುಣ್ಣದ ಗಾರೆಯೇ ಸರಿ.

ಹಾಗಾದರೆ ಗೋಲಗುಮ್ಮಟದ ತಳ್ಳುವಿಕೆಯನ್ನು ತಡೆಯುವವರು ಯಾರು? ಒಳವ್ಯಾಸ ಸುಮಾರು 38 ಮೀಟರ್, ಬುಡದಲ್ಲಿ ದಪ್ಪ ಸುಮಾರು 3 ಮೀಟರ್ ಇರುವ ಗುಮ್ಮಟ ಅದು. ಅದರ ಕೆಳಗೆ 8 ಮೊನಚು ಕಮಾನುಗಳು ಒಂದನ್ನೊಂದು ಕತ್ತರಿಸಿ ಹಾಯುತ್ತವೆ. ಅವುಗಳ ನಡುವಿನ ಕಲ್ಲುಗಾರೆಯ ರಾಶಿ ಗೋಡೆಯಿಂದ ಒಳಕ್ಕೆ ಚಾಚಿಕೊಂಡಿದೆ. ಗುಮ್ಮಟ ಗೋಡೆಯನ್ನು ಹೊರಕ್ಕೆ ತಳ್ಳಿದಷ್ಟೂ ಈ ಚಾಚು ತನ್ನ ತೂಕದಿಂದ ಅದನ್ನು ಒಳಕ್ಕೆ ಜಗ್ಗುತ್ತದೆ.