ಗರಿಯ ತಲೆಯುಡಿಗೆ ಯಾರ ಸ್ವತ್ತು?

ವಸ್ತುಸಂಗ್ರಹಾಲಯದ ಸಂರಕ್ಷಣಾ ಕೊಠಡಿಗೆ ಅಮೆಜಾನ್ ಸೀಮೆಯ ಗರಿಯ ತಲೆಯುಡಿಗೆ ಬಂದರೆ, ಮೊದಲು ನೋಡುವುದು ಹುಳ ಬಿದ್ದಿದೆಯೇ ಎಂದು. ಹಿಂದಿನವರು ಹುಳ ತಡೆಯಲು ಆರ್ಸೆನಿಕ್ ಎಂಬ ವಿಷ ಬಳಸಿರಬಹುದು, ಆದ್ದರಿಂದ ಕೈಗವಸಿಲ್ಲದೆ ಮುಟ್ಟುವುದಿಲ್ಲ. ಆಮೇಲೆ ಗರಿಗಳನ್ನು ಒಂದೊಂದಾಗಿ ಗುರುತಿಸುತ್ತೇವೆ: ಯಾವ ಹಕ್ಕಿಯದು, ರೆಕ್ಕೆಯದೋ ಬಾಲದ್ದೋ, ಯಾವ ಬಣ್ಣದ ಪಕ್ಕ ಯಾವುದನ್ನು ಕಟ್ಟಿದ್ದಾರೆ. ನೋಡಲು ಬಂದವರು ಸಾಮಾನ್ಯವಾಗಿ ಕೇಳುವುದು, ಇದು ಅವರ ರಾಜನ ಕಿರೀಟವೇ ಎಂದು. ಗರಿಗಳ ಈ ಸಾಲು ಹೇಳುವ ವಿಷಯ ಅದಕ್ಕಿಂತ ಸೂಕ್ಷ್ಮವಾದದ್ದು.

ಬ್ರೆಜಿಲಿನ ಮಾಟೊ ಗ್ರಾಸೊದಲ್ಲಿರುವ ಬೊರೊರೊ ಜನರನ್ನೇ ತೆಗೆದುಕೊಳ್ಳಿ. ಅವರ ಊರು ದುಂಡಗಿನದು. ಅದರಲ್ಲಿ ಎರಡು ಪಂಗಡ, ಒಂದೊಂದರಲ್ಲಿ ನಾಲ್ಕು ಕುಲ, ಪ್ರತಿ ಕುಲದ ಮನೆಗಳಿಗೆ ವೃತ್ತದಲ್ಲಿ ಗೊತ್ತಾದ ಜಾಗ. ಮಕಾವ್ ಗಿಣಿಯ ಉದ್ದನೆಯ ಬಾಲದ ಗರಿಗಳನ್ನು ಬೀಸಣಿಗೆಯಂತೆ ಹರಡಿ ಕಟ್ಟುವ 'ಪಾರಿಕೊ' ಎಂಬ ತಲೆಯುಡಿಗೆಯಲ್ಲೂ ಇದೇ ಕಟ್ಟುನಿಟ್ಟು. ಬಣ್ಣಗಳ ಇಂತಿಂಥ ಜೋಡಣೆ ಇಂಥ ಕುಲದ್ದೇ ಎಂದು ನಿಗದಿಯಾಗಿದೆ. ಬಲ್ಲವರು ದೂರದಿಂದಲೇ ನೋಡಿ ಕುಲ ಹೇಳುತ್ತಾರೆ. ಮಗುವಿಗೆ ಹೆಸರಿಡುವಾಗ ಗರಿ ಬೇಕು, ಸಾವಿನಲ್ಲಂತೂ ಬೇಕೇ ಬೇಕು. ವಾರಗಟ್ಟಲೆ ನಡೆಯುವ ಅಂತ್ಯಕ್ರಿಯೆಯ ಕೊನೆಯಲ್ಲಿ ಸತ್ತವರ ಮೂಳೆಗಳನ್ನು ತೊಳೆದು, ಕೆಂಪು ಬಳಿದು, ತಲೆಬುರುಡೆಗೆ ಅವರ ಕುಲದ ಗರಿಗಳನ್ನು ಅಂಟಿಸಿ ಕಳುಹಿಸಿಕೊಡುತ್ತಾರೆ. ಬದುಕಿದ್ದಾಗ ಯಾವ ಕುಲವೋ ಸತ್ತ ಮೇಲೂ ಅದೇ ಕುಲ. ನನಗೆ ತಿಳಿದಂತೆ ಗರಿಗೆ ಇದಕ್ಕಿಂತ ದೊಡ್ಡ ಹೊಣೆ ಇನ್ನೆಲ್ಲೂ ಇಲ್ಲ.

ಬ್ರೆಜಿಲಿನದೇ ಶಿಂಗು ನದಿ ಪ್ರದೇಶದ ಕಯಾಪೊ ಜನರಲ್ಲಿ ತಲೆಯುಡಿಗೆ ಧರಿಸುವುದು ಆನುವಂಶಿಕ ಹಕ್ಕು. ಹೆಸರಿನಂತೆಯೇ ಆಭರಣದ ಹಕ್ಕೂ ಸೋದರಮಾವನಿಂದ, ತಾತನಿಂದ ಹುಡುಗನಿಗೆ ಬರುತ್ತದೆ. ಹುಡುಗಿಗೆ ಸೋದರತ್ತೆಯಿಂದ, ಅಜ್ಜಿಯಿಂದ. ಇನ್ನೊಂದು ಮನೆಯ ಹಕ್ಕನ್ನು ಕೇಳದೆ ಬಳಸಿದರೆ ಅದು ಕಳ್ಳತನವೇ. ಹಳದಿ ಗರಿಯ ತಲೆಯುಡಿಗೆಯಲ್ಲಿ ಜಗತ್ತಿಗೆ ಪರಿಚಿತರಾದ ರಾವೊನಿ ಮೆಟುಕ್ಟಿರೆ ಈ ಜನರ ಹಿರಿಯ ಮುಂದಾಳು.

ಬಣ್ಣದ ಬಗ್ಗೆ ಒಂದು ಮಾತು. ಗಿಣಿಯ ಹಳದಿ ಮತ್ತು ಕೆಂಪು ವರ್ಣದ್ರವ್ಯದಿಂದ ಬಂದವು. ನೀಲಿ ಮಾತ್ರ ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಕಾಣುವಂಥದ್ದು. ಎರಡೂ ಸೇರಿದರೆ ಹಸಿರು. ಸಾಕಿದ ಗಿಣಿಯ ಹಸಿರು ಗರಿ ಕಿತ್ತು, ಚರ್ಮಕ್ಕೆ ಕಪ್ಪೆಯ ಸ್ರಾವ ಸವರಿ, ಹೊಸ ಗರಿ ಹಳದಿಯಾಗಿ ಹುಟ್ಟುವಂತೆ ಮಾಡುವ ವಿದ್ಯೆಯನ್ನು ಹಳೆಯ ಪ್ರವಾಸಿಗರು ವರ್ಣಿಸಿದ್ದಾರೆ. ಈ ಬಣ್ಣಗಳು ಬೆಳಕಿಗೆ ಮಾಸುತ್ತವೆ. ಅದಕ್ಕೇ ನಾವು ಗಾಜಿನ ಕಪಾಟಿನೊಳಗೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬಿಡುವುದಿಲ್ಲ. ಕೋಣೆ ಕತ್ತಲೆ ಎಂದು ಬೇಸರಪಡಬೇಡಿ.

ಬ್ರೆಜಿಲಿನ 1998ರ ಪರಿಸರ ಅಪರಾಧ ಕಾನೂನಿನಡಿ, ಅನುಮತಿಯಿಲ್ಲದೆ ಕಾಡುಹಕ್ಕಿಯ ಗರಿಯಿಂದ ಮಾಡಿದ ವಸ್ತುವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಕಯಾಪೊಗಳು ಗರಿಯ ಬದಲು ಪ್ಲಾಸ್ಟಿಕ್ ಸ್ಟ್ರಾಗಳಿಂದಲೂ ತಲೆಯುಡಿಗೆ ಕಟ್ಟುತ್ತಾರೆ. ಅದನ್ನು ನಕಲಿ ಎಂದು ಪಕ್ಕಕ್ಕಿಡುವ ಸಂಗ್ರಾಹಕರ ಮಾತನ್ನು ನಾನು ಒಪ್ಪುವುದಿಲ್ಲ. ಕಟ್ಟುವ ಕೈ ಅದೇ ಸಮುದಾಯದ್ದು.

2024ರಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಕೆಂಪು ಐಬಿಸ್ ಹಕ್ಕಿಯ ಗರಿಗಳ ಟುಪಿನಂಬಾ ನಿಲುವಂಗಿಯೊಂದನ್ನು ಬ್ರೆಜಿಲಿಗೆ ಮರಳಿಸಿತು. 1689ರಿಂದ ಅದು ಕೋಪನ್‌ಹೇಗನ್ನಿನಲ್ಲಿತ್ತು. ಕರಾವಳಿಯ ಟುಪಿನಂಬಾ ಜನ ಅದನ್ನು ತಮ್ಮ ಪೂರ್ವಜನೆಂದೇ ಕಾಣುತ್ತಾರೆ. ನಮ್ಮ ವೃತ್ತಿಯವರು ಇಂಥ ವಸ್ತುವಿನ ಮುಂದಿಡುವ ಫಲಕದಲ್ಲಿ ಹಕ್ಕಿಯ ಹೆಸರು, ಅಳತೆ ಬರೆದು ಮುಗಿಸಬಾರದು. ಯಾವ ಜನ, ಯಾವ ಕುಲ, ಧರಿಸುವ ಹಕ್ಕು ಯಾರದು ಎಂಬುದನ್ನು ಆ ಸಮುದಾಯದವರನ್ನೇ ಕೇಳಿ ಬರೆಯಬೇಕು. ತೆರೆದಿಡಬೇಡಿ ಎಂದು ಅವರು ಹೇಳಿದರೆ ಒಳಗಿಡಬೇಕು.