ಸಿಂಪಿ ಸಾಕೋ ಕೆರೇಲಿ ಯುದ್ಧದ ಹಡಗು

ಕ್ರಿ.ಪೂ. 39. ಇಟಲಿಯ ನೇಪಲ್ಸ್ ಕೊಲ್ಲಿ ಇದ್ಯಲ್ಲ, ಅದರ ಪಶ್ಚಿಮದ ತುದೀಲಿ ಮಿಸೆನಮ್ ಅಂತ ಒಂದು ಗುಡ್ಡ ಸಮುದ್ರಕ್ಕೆ ಚಾಚ್ಕೊಂಡಿದೆ. ಅದರ ಬುಡದಲ್ಲಿ ಲಂಗರು ಹಾಕಿ ನಿಂತ ದೊಡ್ಡ ಯುದ್ಧನೌಕೆ ಮೇಲೆ ಮೂರು ಜನ ಊಟಕ್ಕೆ ಕೂತಿದ್ದಾರೆ. ಒಬ್ಬ ಆಂಟನಿ, ಇನ್ನೊಬ್ಬ ಮುಂದೆ ಅಗಸ್ಟಸ್ ಅಂತ ಚಕ್ರವರ್ತಿ ಆಗೋ ಆಕ್ಟೇವಿಯನ್, ಆಗ ರೋಮ್ ಇವರ ಹಿಡಿತದಲ್ಲಿತ್ತು. ಮೂರನೆಯವನು ಇವರ ಶತ್ರುವಾಗಿದ್ದು, ಈಗ ಶಾಂತಿ ಒಪ್ಪಂದ ಮಾಡ್ಕೊಂಡು ಊಟಕ್ಕೆ ಕರೆದ ಸೆಕ್ಸ್ಟಸ್ ಪಾಂಪೆ. ಊಟ ಎಲ್ಲಿ ಇಟ್ಕೊಂಡಿದ್ದೀಯ ಅಂತ ಆಂಟನಿ ಕೇಳಿದ್ದಕ್ಕೆ ಸೆಕ್ಸ್ಟಸ್ ಹಡಗಿನ ಕಡೆ ಕೈ ತೋರಿಸಿ, ಅಪ್ಪನ ಆಸ್ತೀಲಿ ನನಗೆ ಉಳಿದಿರೋ ಮನೆ ಇದೊಂದೇ ಅಂದನಂತೆ, ಯಾಕಂದ್ರೆ ರೋಮ್‌ನಲ್ಲಿದ್ದ ಅವರಪ್ಪನ ಮನೇಲಿ ಆಗ ವಾಸ ಇದ್ದಿದ್ದು ಇದೇ ಆಂಟನಿ. ಊಟ ರಂಗೇರಿದಾಗ ಸೆಕ್ಸ್ಟಸ್‌ನ ನೌಕಾಧಿಪತಿ ಮೆನಾಸ್ ಮೆಲ್ಲಗೆ ಕಿವಿ ಹತ್ರ ಬಂದು, ಲಂಗರಿನ ಹಗ್ಗ ಕತ್ತರಿಸಿಬಿಡ್ಲಾ, ಇಡೀ ರೋಮ್ ನಿನ್ನದಾಗುತ್ತೆ ಅಂತಾನೆ. ಸೆಕ್ಸ್ಟಸ್ ಸ್ವಲ್ಪ ಹೊತ್ತು ಯೋಚನೆ ಮಾಡಿ, ನನ್ನನ್ನ ಕೇಳದೆ ಮಾಡಿಬಿಡಬೇಕಿತ್ತು ಕಣೋ, ಕೇಳಿದ ಮೇಲೆ ಮಾತಿಗೆ ತಪ್ಪೋದು ನನ್ನಿಂದ ಆಗಲ್ಲ ಅಂತ ಸುಮ್ಮನಾಗ್ತಾನೆ. ಈ ಕಥೆ ಬರೆದಿಟ್ಟೋನು ಪ್ಲೂಟಾರ್ಕ್, ನೂರಕ್ಕೂ ಹೆಚ್ಚು ವರ್ಷ ಆದ್ಮೇಲೆ, ಹಾಗಾಗಿ ಒಂದೊಂದು ಮಾತೂ ಹಾಗೇ ನಡೀತು ಅಂತ ಹಿಡ್ಕೊಂಡು ಕೂರಬೇಕಾಗಿಲ್ಲ. ಆದ್ರೆ ಆ ಒಪ್ಪಂದ ಆಗಿದ್ದು ನಿಜ, ಅದರ ಹಿಂದಿದ್ದ ಹಸಿವೂ ನಿಜ.

ಆ ಹೊತ್ತಿಗೆ ರೋಮ್ ನಗರದ ಅನ್ನ ಸೆಕ್ಸ್ಟಸ್ ಕೈಲಿತ್ತು. ರೋಮನ್ನರ ಊಟ ಅಂದ್ರೆ ನಮಗೆ ನೆನಪಾಗೋದು ನವಿಲಿನ ಮಾಂಸ, ದ್ರಾಕ್ಷಾರಸ, ಮಲಗಿಕೊಂಡು ತಿನ್ನೋ ಶ್ರೀಮಂತರು, ಆದ್ರೆ ಊರಲ್ಲಿ ಹೆಚ್ಚಿನ ಜನ ಬದುಕಿದ್ದು ಗೋಧಿ ಮೇಲೆ. ತುಂಬಾ ಹಿಂದೆ ಪುಲ್ಸ್ ಅನ್ನೋ ಗಂಜಿ, ಆಮೇಲೆ ಬ್ರೆಡ್ಡು, ಜೊತೆಗೆ ಬೇಳೆಕಾಳು, ಸೊಪ್ಪು, ಆಲಿವ್ ಎಣ್ಣೆ, ರುಚಿಗೆ ಚೂರು ಮೀನಿನ ಸಾಸ್. ಅಗಸ್ಟಸ್ ಕಾಲಕ್ಕೆ ಸುಮಾರು 2 ಲಕ್ಷ ಜನಕ್ಕೆ ಸರ್ಕಾರ ತಿಂಗಳಿಗೆ ತಲಾ 5 ಮೋಡಿಯಸ್, ಅಂದ್ರೆ 33 ಕೆಜಿ ಆಸುಪಾಸು ಗೋಧಿ ಪುಕ್ಕಟೆ ಕೊಡ್ತಿತ್ತು, ನಮ್ಮ ರೇಷನ್ ಥರಾನೇ. ಇಷ್ಟು ಗೋಧಿ ಎತ್ತಿನ ಗಾಡೀಲಿ ಬರೋ ಮಾತೇ ಇಲ್ಲ, ಹಡಗಲ್ಲೇ ಬರಬೇಕು, ಸಿಸಿಲಿ, ಸಾರ್ಡೀನಿಯಾ, ಆಫ್ರಿಕಾದಿಂದ. ಸೆಕ್ಸ್ಟಸ್ ಸಿಸಿಲಿಯಲ್ಲಿ ಕೂತು ಆ ದಾರಿ ಅಡ್ಡಗಟ್ಟಿಬಿಟ್ಟ. ರೋಮ್‌ನಲ್ಲಿ ಹಸಿವು ಎಷ್ಟಾಯ್ತು ಅಂದ್ರೆ ಜನ ಆಕ್ಟೇವಿಯನ್‌ಗೆ ನಡುಬೀದೀಲಿ ಕಲ್ಲು ಹೊಡೆದ್ರು, ಆಂಟನಿ ಸೈನಿಕರನ್ನ ಕರ್ಕೊಂಡು ಬಂದು ಬಿಡಿಸಬೇಕಾಯ್ತು. ಆ ಕಲ್ಲುಗಳಿಂದಲೇ ಅವರಿಬ್ಬರೂ ಸೆಕ್ಸ್ಟಸ್ ಜೊತೆ ಊಟಕ್ಕೆ ಕೂತಿದ್ದು.

ಒಪ್ಪಂದ ಬಹಳ ದಿನ ಉಳೀಲಿಲ್ಲ. ಮುಂದಿನ ವರ್ಷವೇ ಮತ್ತೆ ಯುದ್ಧ, ಆಕ್ಟೇವಿಯನ್‌ನ ಹಡಗುಗಳು ಅರ್ಧ ಶತ್ರುವಿನ ಕೈಲಿ, ಅರ್ಧ ಬಿರುಗಾಳೀಲಿ ನಾಶ ಆದ್ವು. ಆಗ ಅವನು ಕರೆಸಿದ್ದು ಬಾಲ್ಯದ ಗೆಳೆಯ ಅಗ್ರಿಪ್ಪನನ್ನ. ಇಪ್ಪತ್ತೈದು ದಾಟಿದ ಹುಡುಗ, ನನ್ನ ಪ್ರಕಾರ ರೋಮ್ ಕಂಡ ಅತ್ಯುತ್ತಮ ಇಂಜಿನಿಯರ್ ತಲೆ ಅವನದು. ಹೊಸ ಹಡಗು ಕಟ್ಟಬೇಕು, ಹುಟ್ಟು ಹಾಕೋರಿಗೆ ತರಬೇತಿ ಕೊಡಬೇಕು, ಆದ್ರೆ ಸಮುದ್ರಕ್ಕೆ ಇಳಿದ್ರೆ ಸೆಕ್ಸ್ಟಸ್ ಬಂದು ಸುಟ್ಟು ಹೋಗ್ತಾನೆ. ಹಾಗಾಗಿ ಅಗ್ರಿಪ್ಪ ಒಂದು ಕೆರೆ ಆರಿಸಿಕೊಂಡ.

ಲುಕ್ರೀನಸ್ ಅಂತ ಅದರ ಹೆಸರು, ಅದೇ ನೇಪಲ್ಸ್ ಕೊಲ್ಲಿಯ ದಡದಲ್ಲಿ, ಸಮುದ್ರಕ್ಕೂ ಅದಕ್ಕೂ ಮಧ್ಯ ಬರೀ ಮರಳಿನ ದಿಣ್ಣೆ. ಇಡೀ ರೋಮ್‌ಗೆ ಆ ಕೆರೆ ಗೊತ್ತಿದ್ದಿದ್ದು ಸಿಂಪಿಗೆ. ಕಲ್ಲಿಗೆ ಅಂಟ್ಕೊಂಡು ಬೆಳೆಯೋ, ಹಸಿಯಾಗೇ ತಿನ್ನೋ ಆಯಿಸ್ಟರ್ ಸಿಂಪಿ. ಅದಕ್ಕೂ ಅರ್ಧ ಶತಮಾನಕ್ಕೆ ಮುಂಚೆ ಸೆರ್ಜಿಯಸ್ ಒರಾಟ ಅನ್ನೋನು ಈ ಭಾಗದಲ್ಲಿ ಸಿಂಪಿ ಸಾಕಣೆ ಶುರು ಮಾಡಿ ದುಡ್ಡು ಮಾಡಿದ್ದ. ಕೆರೆ ವಿಷಯಕ್ಕೆ ಅವನ ಮೇಲೆ ಕೇಸ್ ಬಿದ್ದಾಗ, ಇವನನ್ನ ಕೆರೆಯಿಂದ ಓಡಿಸಿದ್ರೆ ಮನೆ ಹೆಂಚಿನ ಮೇಲೂ ಸಿಂಪಿ ಬೆಳೀತಾನೆ ಅಂತ ವಕೀಲ ಕ್ರಾಸಸ್ ಕೋರ್ಟಲ್ಲಿ ಹೇಳಿದ ಮಾತು ಊರೆಲ್ಲಾ ಓಡಾಡಿತ್ತು. ಕ್ರಿ.ಪೂ. 37ರಲ್ಲಿ ಅಗ್ರಿಪ್ಪ ಆ ಮರಳಿನ ದಿಣ್ಣೆ ಕಡಿದು ಸಮುದ್ರವನ್ನ ಕೆರೆಗೆ ಸೇರಿಸಿದ, ಅಲ್ಲಿಂದ ಹಿಂದಿದ್ದ ಅವೆರ್ನಸ್ ಅನ್ನೋ ಇನ್ನೊಂದು ಕೆರೆಗೂ ಕಾಲುವೆ ತೋಡಿದ. ಅವೆರ್ನಸ್ ಹಳೇ ಜ್ವಾಲಾಮುಖಿಯ ಬಾಯಿ, ಸುತ್ತ ದಟ್ಟ ಕಾಡು, ಜನ ಅದನ್ನ ಪಾತಾಳದ ಬಾಗಿಲು ಅಂತ ನಂಬಿ ಹೆದರ್ತಿದ್ರು. ಆ ಕಾಡೂ ಉರುಳ್ತು. ಬಂದರಿನ ಹೆಸರು ಪೋರ್ಟಸ್ ಯೂಲಿಯಸ್.

ಅಲ್ಲಿ ಹುಟ್ಟು ಹಾಕೋಕೆ ಬಂದವರು 20,000 ಗುಲಾಮರು, ಆದ್ರೆ ಮೊದಲು ಅವರನ್ನ ಬಿಡುಗಡೆ ಮಾಡಿ ಆಮೇಲೆ ಹಡಗಿಗೆ ಹತ್ತಿಸಿದ್ರು. ಇದನ್ನ ನಾನು ಒತ್ತಿ ಹೇಳ್ತೀನಿ, ಯಾಕಂದ್ರೆ ಸಿನಿಮಾಗಳಲ್ಲಿ ರೋಮನ್ ಹಡಗು ಅಂದ್ರೆ ಸರಪಳಿ ಹಾಕಿದ ಗುಲಾಮರು, ಮೇಲೊಬ್ಬ ಚಾಟಿ ಹಿಡಿದೋನು. ನಿಜವಾಗಿ ರೋಮನ್ ನೌಕಾಪಡೇಲಿ ಹುಟ್ಟು ಹಾಕ್ತಿದ್ದೋರು ಸಾಮಾನ್ಯವಾಗಿ ಸ್ವತಂತ್ರ ಜನ, ಸಂಬಳಕ್ಕೆ ದುಡಿಯೋರು. ನೂರಾರು ಹುಟ್ಟು ಒಂದೇ ತಾಳಕ್ಕೆ ಏಳಬೇಕು, ಶತ್ರು ಹಡಗು ಹತ್ರ ಬಂದಾಗ ಒಂದೇ ಕ್ಷಣದಲ್ಲಿ ಒಳಗೆ ಎಳ್ಕೋಬೇಕು, ಮನಸ್ಸಿಲ್ಲದೋನ ಕೈಲಿ ಆಗೋ ಕೆಲಸ ಅಲ್ಲ ಅದು.

ಅಗ್ರಿಪ್ಪ ಒಂದು ಆಯುಧಾನೂ ಮಾಡಿಸಿದ, ಹಾರ್ಪಾಕ್ಸ್ ಅಂತ. ಐದು ಮೊಳ ಉದ್ದದ ಮರದ ತೊಲೆ, ಸುತ್ತ ಕಬ್ಬಿಣದ ಪಟ್ಟಿ, ಎರಡು ತುದಿಗೂ ಬಳೆ, ಒಂದು ಬಳೆಗೆ ಕಬ್ಬಿಣದ ಕೊಕ್ಕೆ, ಇನ್ನೊಂದಕ್ಕೆ ಹಗ್ಗಗಳು. ಕವಣೆಯಂತ್ರದಿಂದ ಬೀಸಿದ್ರೆ ಶತ್ರು ಹಡಗಿಗೆ ಕಚ್ಚಿಕೊಳ್ಳುತ್ತೆ, ರಾಟೆ ಸುತ್ತಿ ಎಳೀತಾರೆ. ಕಬ್ಬಿಣ ಸುತ್ತಿರೋದ್ರಿಂದ ತೊಲೆ ಕಡಿಯೋಕಾಗಲ್ಲ, ತೊಲೆ ಉದ್ದ ಇರೋದ್ರಿಂದ ಅದರಾಚೆ ಇರೋ ಹಗ್ಗಕ್ಕೆ ಕೈ ಎಟುಕಲ್ಲ. ಕ್ರಿ.ಪೂ. 36ರ ಸೆಪ್ಟೆಂಬರ್‌ನಲ್ಲಿ ಸಿಸಿಲಿಯ ನೌಲೋಕಸ್ ಹತ್ರ ಎರಡೂ ಕಡೆ 300ರಂತೆ ಹಡಗು ಎದುರಾದ್ವು. ಸೆಕ್ಸ್ಟಸ್‌ಗೆ ತಪ್ಪಿಸಿಕೊಂಡು ಹೋಗೋಕೆ ಉಳಿದಿದ್ದು 17, ಅಗ್ರಿಪ್ಪ ಕಳ್ಕೊಂಡಿದ್ದು ಮೂರೇ ಅಂತ ಇತಿಹಾಸಕಾರ ಅಪ್ಪಿಯನ್ ಬರೀತಾನೆ. ರೋಮ್‌ಗೆ ಗೋಧಿ ದಾರಿ ತೆರೀತು.

ಪೋರ್ಟಸ್ ಯೂಲಿಯಸ್ ಮಾತ್ರ ಬಹಳ ವರ್ಷ ನಡೀಲಿಲ್ಲ, ಹೂಳು ತುಂಬೋ ಜಾಗ ಅದು. ಫ್ಲೀಟ್, ಅಂದ್ರೆ ಹಡಗುಗಳ ಪಡೆ, ಮಿಸೆನಮ್‌ಗೆ ಹೋಯ್ತು, ಆ ಊಟ ನಡೆದ ಗುಡ್ಡದ ಪಕ್ಕಕ್ಕೇ. ಸಿಂಪಿ ಮತ್ತೆ ಕೆರೆಗೆ ಒಡೆಯ ಆಯ್ತು.

ಮಿಸೆನಮ್‌ನಲ್ಲಿ ಇವತ್ತಿಗೂ ನೋಡಬೇಕಾದ ಒಂದು ಜಾಗ ಇದೆ, ನೆಲದೊಳಗಿನ ನೀರಿನ ಟ್ಯಾಂಕ್, ಪಿಶಿನಾ ಮಿರಾಬಿಲಿಸ್. ಸುಮಾರು 70 ಮೀಟರ್ ಉದ್ದ, 25 ಮೀಟರ್ ಅಗಲ, 15 ಮೀಟರ್ ಎತ್ತರ, 48 ಕಂಬ, ಫೋಟೋ ನೋಡಿದ್ರೆ ದೇವಸ್ಥಾನದ ಮಂಟಪ ಅನ್ಸುತ್ತೆ. 1 ಕೋಟಿ 26 ಲಕ್ಷ ಲೀಟರ್ ಹಿಡಿಯುತ್ತೆ, ನೀರು ಬರ್ತಿದ್ದಿದ್ದು ಸುಮಾರು 100 ಕಿಲೋಮೀಟರ್ ಕಾಲುವೇಲಿ, ಸೆರಿನೋ ಅನ್ನೋ ಊರಿನ ಬುಗ್ಗೆಗಳಿಂದ. ಸುತ್ತಲಿನ ಬಂಗಲೆಗಳಿಗೂ ಇದರ ನೀರು ಹೋಗ್ತಿತ್ತು ಅನ್ನೋರಿದ್ದಾರೆ, ಇರಬಹುದು, ಆದ್ರೆ ಹಡಗಿನ ಲೆಕ್ಕ ಹಾಕಿದ್ರೆ ಇಷ್ಟು ದೊಡ್ಡ ಟ್ಯಾಂಕ್ ಯಾಕೆ ಅಂತ ತಾನಾಗೇ ಅರ್ಥ ಆಗುತ್ತೆ. 1980ರ ದಶಕದಲ್ಲಿ ಗ್ರೀಸ್‌ನವರು ಮೂರು ಸಾಲು ಹುಟ್ಟಿನ ಹಳೇ ಟ್ರೈರೀಮ್ ಹಡಗಿನ ಪ್ರತಿರೂಪ ಒಲಿಂಪಿಯಾಸ್ ಕಟ್ಟಿ, 170 ಜನರನ್ನ ಕೂರಿಸಿ ಹುಟ್ಟು ಹಾಕಿಸಿ ನೋಡಿದ್ರು. ಬಿಸಿಲಲ್ಲಿ ಒಬ್ಬೊಬ್ಬರಿಗೂ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಬೇಕಾಯ್ತು. ಎಂಟು ಗಂಟೆ ಅಂದ್ರೆ ಒಂದೇ ಹಡಗಿಗೆ 1,360 ಲೀಟರ್, ಹೆಚ್ಚುಕಡಿಮೆ ಒಂದೂಕಾಲು ಟನ್ ದಾಟ್ತು. ವೇಗಕ್ಕೋಸ್ಕರ ಹಗುರವಾಗಿ ಕಟ್ಟಿದ ಹಡಗಲ್ಲಿ ಅಷ್ಟು ನೀರು ಇಡೋ ಜಾಗ ಇಲ್ಲ, ಅಡುಗೆ ಮಾಡೋ ಜಾಗಾನೂ ಇಲ್ಲ, ಮಲಗೋಕೂ ಇಲ್ಲ, ಹಾಗಾಗಿ ಸಾಧ್ಯವಾದಷ್ಟೂ ಸಂಜೆಗೆ ದಡಕ್ಕೆ ಬಂದು ಒಲೆ ಹಚ್ಚಬೇಕು, ನೀರು ತುಂಬ್ಕೋಬೇಕು. ಯುದ್ಧನೌಕೆ ಎಷ್ಟು ದೂರ ಹೋಗಬಲ್ಲದು ಅನ್ನೋದು ಮುಂದಿನ ಬಾವಿ ಎಲ್ಲಿದೆ ಅನ್ನೋದರ ಮೇಲೆ ನಿಂತಿತ್ತು.

ಆ ಹಡಗುಗಳಲ್ಲಿ ಇದ್ದೋರು ಯಾರು? ಒಬ್ಬನ ಪತ್ರ ಉಳಿದಿದೆ. ಕ್ರಿ.ಶ. 2ನೇ ಶತಮಾನ, ಈಜಿಪ್ಟಿನ ಹಳ್ಳಿ ಹುಡುಗ ಏಪಿಯಾನ್, ನೌಕಾಪಡೆಗೆ ಸೇರಿ ಮಿಸೆನಮ್‌ಗೆ ಬಂದಿಳಿದು ಅಪ್ಪನಿಗೆ ಪಪೈರಸ್ ಮೇಲೆ ಬರೆದಿದ್ದು. ಸಮುದ್ರದಲ್ಲಿ ಅಪಾಯ ಆದಾಗ ಸೆರಾಪಿಸ್ ದೇವರು ಕಾಪಾಡಿದ, ಬಂದ ತಕ್ಷಣ ಪ್ರಯಾಣದ ಖರ್ಚಿಗೆ ಅಂತ ಮೂರು ಚಿನ್ನದ ನಾಣ್ಯ ಕೊಟ್ರು, ನಾನು ಚೆನ್ನಾಗಿದ್ದೀನಿ, ನೀವು ಚೆನ್ನಾಗಿ ಓದಿಸಿದ್ರಿಂದ ಬೇಗ ಮೇಲೆ ಬರ್ತೀನಿ ಅಂತ ಆಸೆ ಇದೆ, ನನ್ನ ಒಂದು ಚಿತ್ರ ಬರೆಸಿ ಕಳಿಸಿದ್ದೀನಿ, ಈಗ ನನ್ನ ಹೆಸರು ಆಂಟೋನಿಯಸ್ ಮ್ಯಾಕ್ಸಿಮಸ್. ಪರ ಊರಲ್ಲಿ ಕೆಲಸಕ್ಕೆ ಸೇರಿ ಮೊದಲ ಸಂಬಳ ಕೈಗೆ ಬಂದ ದಿನ ಮನೆಗೆ ಫೋನ್ ಮಾಡಿದ ಯಾರಿಗಾದ್ರೂ ಈ ಪತ್ರ ಓದಿದ್ರೆ ಎದೆ ತುಂಬಿ ಬರುತ್ತೆ. ಅವನ ಮುಂದೆ ಇದ್ದಿದ್ದು 26 ವರ್ಷದ ನೌಕರಿ, ಮುಗಿದ ಮೇಲೆ ರೋಮನ್ ಪೌರತ್ವ.

ಮಿಸೆನಮ್‌ನಿಂದ ಕೊಲ್ಲಿಯೊಳಗೆ ಸ್ವಲ್ಪ ಬಂದ್ರೆ ಪುಟಿಯೋಲಿ, ಈಗಿನ ಪೊತ್ಸುವೋಲಿ. ಈಜಿಪ್ಟಿನ ಗೋಧಿ ಹಡಗುಗಳು ಬಂದು ನಿಲ್ತಿದ್ದ ಊರು. ಹಾಯಿ ನೋಡಿದ ಕೂಡಲೇ ಜನ ಕಟ್ಟೆಗೆ ಓಡೋದನ್ನ ಸೆನೆಕಾ ಬರೆದಿಟ್ಟಿದ್ದಾನೆ, ಬೇರೆ ಹಡಗುಗಳು ಬಂದರಿಗೆ ಹತ್ರ ಆದಾಗ ಮೇಲಿನ ಹಾಯಿ ಇಳಿಸಬೇಕು, ಅಲೆಕ್ಸಾಂಡ್ರಿಯಾ ಹಡಗಿಗೆ ಮಾತ್ರ ಅದನ್ನ ಬಿಚ್ಚಿಟ್ಟುಕೊಂಡೇ ಬರೋ ಹಕ್ಕಿತ್ತಂತೆ. ಕೆಂಪು ಸಮುದ್ರ ದಾಟಿ ಅಲೆಕ್ಸಾಂಡ್ರಿಯಾ ಮೇಲೆ ರೋಮ್ ಕಡೆ ಬರ್ತಿದ್ದ ಇನ್ನೊಂದು ಸರಕು ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು. ಮಿಸೆನಮ್ ಫ್ಲೀಟಿನ ದಂಡನಾಯಕನಾಗಿದ್ದ ಹಿರಿಯ ಪ್ಲಿನಿ ಅದರ ರೇಟೂ ಬರೆದಿದ್ದಾನೆ, ಒಂದು ರೋಮನ್ ಪೌಂಡಿಗೆ 4 ಡಿನೇರಿಯಸ್, ಅಂದ್ರೆ ನಾಲ್ಕು ಬೆಳ್ಳಿ ನಾಣ್ಯ. ಆ ಕಾಲದ ಕಾಲಾಳಿಗೆ ವರ್ಷಕ್ಕೆ ಸಂಬಳ 225 ಡಿನೇರಿಯಸ್, ಅಂದ್ರೆ ಒಂದು ಪೌಂಡ್ ಮೆಣಸಿಗೆ ವಾರದ ದುಡಿಮೆ. ಬರೀ ಖಾರಕ್ಕೋಸ್ಕರ ಇಂಡಿಯಾ ತನಕ ಹೋಗ್ತೀವಲ್ಲ ಅಂತ ಪ್ಲಿನಿಗೆ ಸಂಕಟ. ಹಾಗೆ ಹೊರಟ ಬೆಳ್ಳಿ ಎಲ್ಲೆಲ್ಲಿ ಇಳೀತು ಅನ್ನೋದಕ್ಕೆ ದೂರ ಹೋಗಬೇಕಿಲ್ಲ: 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆದಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ವು.

ಪುಟಿಯೋಲಿಯ ತಿಂಡಿ ತಿನಿಸಿನ ಮಾರ್ಕೆಟ್ ಇನ್ನೂ ಇದೆ, ಮೂರು ಎತ್ತರದ ಅಮೃತಶಿಲೆ ಕಂಬಗಳ ಸಮೇತ. ಆ ಕಂಬಗಳ ನಡುಭಾಗದಲ್ಲಿ ಒಂದು ಪಟ್ಟಿಯಷ್ಟು ಕಲ್ಲು ಪೂರ್ತಿ ತೂತು. ಕಲ್ಲು ಕೊರೆದು ಒಳಗೆ ವಾಸ ಮಾಡೋ ಸಮುದ್ರದ ಚಿಪ್ಪುಜೀವಿ ಮಾಡಿದ ತೂತು ಅದು. ಅಂದ್ರೆ ಇಡೀ ಮಾರ್ಕೆಟ್ ಕಂಬ ನಿಂತ ಹಾಗೇ ಸಮುದ್ರದೊಳಗೆ ಇಳಿದು, ಎಷ್ಟೋ ಕಾಲ ಮುಳುಗಿದ್ದು, ಮತ್ತೆ ಮೇಲೆ ಬಂದಿದೆ. ಕೆಳಗಿರೋ ಜ್ವಾಲಾಮುಖಿ ಉಸಿರಾಡಿದ ಹಾಗೆ ಅಲ್ಲಿನ ನೆಲ ಏರುತ್ತೆ, ಇಳಿಯುತ್ತೆ. 1830ರಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ತನ್ನ ಪುಸ್ತಕದ ಮೊದಲ ಚಿತ್ರವಾಗಿ ಈ ಕಂಬಗಳನ್ನೇ ಹಾಕಿದ. ಅಗ್ರಿಪ್ಪನ ಬಂದರಿನ ಗೋಡೆ, ರಸ್ತೆ, ಗೋದಾಮು ಈಗ ನೀರೊಳಗಿವೆ, ಆ ಜ್ವಾಲಾಮುಖಿ ಬೂದಿಗೇ ಸುಣ್ಣ ಕಲಸಿ ಮಾಡಿದ ಕಾಂಕ್ರೀಟ್ ಉಪ್ಪುನೀರಲ್ಲಿ ಕರಗೋ ಬದಲು ಒಳಗೊಳಗೇ ಹರಳು ಕಟ್ಟಿ ಗಟ್ಟಿಯಾಗುತ್ತೆ. ಸಿಂಪಿ ಕೆರೆಯ ಬಹುಪಾಲನ್ನ 1538ರಲ್ಲಿ ಕೆಲವೇ ದಿನದಲ್ಲಿ ಎದ್ದ ಮೊಂಟೆ ನುವೋವೋ ಬೆಟ್ಟ ನುಂಗಿಹಾಕ್ತು.

ಕೊಲ್ಲಿಯ ಇನ್ನೊಂದು ಕಡೆ ವೆಸೂವಿಯಸ್. ಕ್ರಿ.ಶ. 79ರಲ್ಲಿ ಅದು ಸಿಡಿದಾಗ ಮೆಣಸಿನ ರೇಟು ಬರೆದ ಅದೇ ಪ್ಲಿನಿ, ದೊಡ್ಡ ಯುದ್ಧನೌಕೆಗಳನ್ನ ಜನರನ್ನ ಕಾಪಾಡೋಕೆ ಅಂತ ನೀರಿಗಿಳಿಸಿದ. ಗಾಳಿ ಹಡಗನ್ನ ಸ್ಟೇಬಿಯೆ ದಡಕ್ಕೆ ತಂದ್ಬಿಡ್ತು, ವಾಪಸ್ ಹೊರಡೋಕೆ ಬಿಡಲಿಲ್ಲ. ಮಾರನೇ ದಿನ ದಡದ ಮೇಲೆ ಬಟ್ಟೆ ಹಾಸಿಕೊಂಡು ಮಲಗಿ, ಎರಡು ಸಲ ತಣ್ಣೀರು ಕೇಳಿ ಕುಡಿದು, ಅಲ್ಲೇ ಸತ್ತ. ಅವನ ಸೋದರಳಿಯ ಹೇಳಿದ ವಿವರ ಇದು.

ವೆಸೂವಿಯಸ್ ಬುಡದ ಹರ್ಕ್ಯುಲೇನಿಯಮ್ ಊರಿನ ಜನ ಆಗ ದಡದ ಕಮಾನು ಕೋಣೆಗಳಲ್ಲಿ, ದೋಣಿ ಇಡೋ ಜಾಗದಲ್ಲಿ, ಯಾರಾದ್ರೂ ಬರ್ತಾರೆ ಅಂತ ಕಾಯ್ತಿದ್ರು. ಸುಮಾರು 300 ಜನರ ಅಸ್ಥಿ ಅಲ್ಲಿ ಸಿಕ್ಕಿದೆ. ಅದರಲ್ಲಿ 17 ಜನರ ಮೂಳೆಯ ಪ್ರೋಟೀನ್ ಬಿಡಿಸಿ, ಅದರಲ್ಲಿರೋ ಕಾರ್ಬನ್, ನೈಟ್ರೋಜನ್‌ನ ಹಗುರ ಮತ್ತು ಭಾರದ ಐಸೋಟೋಪ್‌ಗಳ, ಅಂದ್ರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳ, ಪ್ರಮಾಣ ಅಳೆದ ಅಧ್ಯಯನ 2021ರಲ್ಲಿ ಬಂತು. ಸಮುದ್ರದಲ್ಲಿ ಚಿಕ್ಕದನ್ನ ದೊಡ್ಡದು, ಅದನ್ನ ಇನ್ನೂ ದೊಡ್ಡದು ತಿಂತಾ ಹೋದ ಹಾಗೆ ಭಾರದ ನೈಟ್ರೋಜನ್ ಕೂಡ್ತಾ ಹೋಗುತ್ತೆ, ಮೀನು ತಿಂದೋರ ಮೂಳೇಲಿ ಅದರ ಗುರುತು ಉಳಿಯುತ್ತೆ. ಗಂಡಸರು ಹೆಂಗಸರಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಪ್ರೋಟೀನ್ ಮೀನಿಂದ ಪಡೆದಿದ್ರು. ಒಂದೇ ಊರು, ಒಂದೇ ಸಮುದ್ರ, ತಟ್ಟೆಗೆ ಬೀಳ್ತಿದ್ದಿದ್ದು ಬೇರೆ.

ಆ ಕೋಣೆಗಳ ಮುಂದಿನ ಮರಳಲ್ಲಿ ಬೋರಲು ಬಿದ್ದಿದ್ದ ಒಬ್ಬ ಗಂಡಸಿನ ಅಸ್ಥಿಪಂಜರ, ಸೊಂಟದಲ್ಲಿ ಅಲಂಕಾರದ ಬೆಲ್ಟು, ಕತ್ತಿ, ಬಾಕು, ಒಂದಷ್ಟು ಬೆಳ್ಳಿ ಚಿನ್ನದ ನಾಣ್ಯ, ಬೆನ್ನಲ್ಲಿ ಬಡಗಿ ಕೆಲಸದ ಸಾಮಾನಿನ ಚೀಲ. ಪ್ಲಿನಿ ಕಳಿಸಿದ ಫ್ಲೀಟಿನ ಅಧಿಕಾರಿ ಇರಬಹುದು ಅಂತ ಅಲ್ಲಿನ ಸಂಶೋಧಕರು ಹೇಳ್ತಾರೆ. ಹತ್ತಿರದಲ್ಲೇ 9 ಮೀಟರ್ ಉದ್ದದ ದೋಣಿ ಮಗುಚಿ ಬಿದ್ದಿತ್ತು.