ಕಲ್ಲಿಗೆ ಇಲ್ಲದ ಸಂಕೋಚ ಫೋಟೊಗೆ ಯಾಕೆ?

ಬಾದಾಮಿಯ ನಾಲ್ಕನೇ ಗುಹೆಗೆ ಬಂದವರು ಬಾಹುಬಲಿ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಮೂರ್ತಿಯ ಮೈಮೇಲೆ ಒಂದೆಳೆ ಬಟ್ಟೆ ಇಲ್ಲ ಅನ್ನೋದು ಯಾರಿಗೂ ನೆನಪೇ ಆಗುವುದಿಲ್ಲ. ಅದೇ ಇಲ್ಲಿನ ಒಬ್ಬ ಫೋಟೊಗ್ರಾಫರ್ ನಗ್ನ ಚಿತ್ರ ತೆಗೀತಾನೆ ಅಂತ ಸುದ್ದಿಯಾದರೆ ಮದುವೆ ಆರ್ಡರ್ ಬಂದ್! ಬಾಹುಬಲಿಯದು ವೈರಾಗ್ಯ, ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪಿದೆ. ಆದರೆ ಬೆಳಕಿನ ಪಾಠ ಎರಡಕ್ಕೂ ಒಂದೇ. ಮೂರ್ತಿ ಇರುವುದು ಪಡಸಾಲೆಯ ತುದಿಯ ಗೋಡೆಯಲ್ಲಿ, ಬೆಳಕು ಪಕ್ಕದಿಂದ ಬೀಳುತ್ತೆ, ಕಾಲಿಗೆ ಸುತ್ತಿದ ಬಳ್ಳಿ ಎದ್ದು ಕಾಣುತ್ತೆ. ಎದುರಿಂದ ಫ್ಲ್ಯಾಶ್ ಹೊಡೆದರೆ ಎಲ್ಲಾ ಚಪ್ಪಟೆ.

ಫೋಟೊಗ್ರಫಿ ಪ್ಯಾರಿಸ್‌ನಲ್ಲಿ ಬಹಿರಂಗವಾಗಿದ್ದು 1839ರಲ್ಲಿ. 1850ರ ದಶಕದಲ್ಲೇ ಡೆಲಾಕ್ರ್ವಾ ಎಂಬ ಚಿತ್ರಕಾರ, ಡ್ಯುರಿಯೂ ತೆಗೆದ ನಗ್ನ ಫೋಟೊಗಳನ್ನು ಮುಂದಿಟ್ಟುಕೊಂಡು ರೇಖೆ ಅಭ್ಯಾಸ ಮಾಡುತ್ತಿದ್ದ. ಸುಮಾರು ಅದೇ ಹೊತ್ತಿಗೆ, 1855ರಲ್ಲಿ, ಕಂಪನಿ ಸರ್ಕಾರ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ನೇಮಿಸಿ ವಿಜಾಪುರ, ಬಾದಾಮಿ, ಐಹೊಳೆ ಕಡೆಯ ಶಿಲ್ಪಗಳ ಫೋಟೊ ತೆಗೆಸಿತು. ಅಲ್ಲಿ ಕ್ಯಾಮೆರಾ ಮುಂದೆ ಮನುಷ್ಯರು, ಇಲ್ಲಿ ಕಲ್ಲು.

ನನಗೆ ಇಷ್ಟವಾದವನು ಅಮೆರಿಕದ ಫೋಟೊಗ್ರಾಫರ್ ಎಡ್ವರ್ಡ್ ವೆಸ್ಟನ್. 1930ರಲ್ಲಿ ಆತ ಒಂದು ದೊಣ್ಣಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯೊಳಗಿಟ್ಟು ತೆಗೆದ, ನೋಡಿದರೆ ಬಾಗಿದ ಬೆನ್ನಿನ ಹಾಗಿದೆ. 1936ರಲ್ಲಿ ಅವನ ರೂಪದರ್ಶಿ ಕ್ಯಾರಿಸ್ ವಿಲ್ಸನ್ ಮಂಡಿ ಅಪ್ಪಿಕೊಂಡು, ಮುಖ ಮುಚ್ಚಿಕೊಂಡು ಕೂತ ನಗ್ನ ಚಿತ್ರ ತೆಗೆದ. ಜಗತ್ತು ಹೊಗಳಿತು. ಅವನಿಗೆ ಮಾತ್ರ ತೋಳಿನ ಮೇಲಿನ ನೆರಳು ಸರಿಬರಲಿಲ್ಲ, ಆಕೆಗೆ ತನ್ನ ಸೊಟ್ಟ ಬೈತಲೆ, ಹೇರ್‌ಪಿನ್ನು ಸರಿಬರಲಿಲ್ಲ.

ಬಾದಾಮಿಯ ಕಲ್ಲು ಬೈತಲೆ ಸೊಟ್ಟಾಯಿತು ಅಂತ ತಕರಾರು ಮಾಡಲ್ಲ, ಅಲ್ವಾ? ಫೋಟೊದಲ್ಲಿರುವವರು ಮಾಡ್ತಾರೆ. ನಾಳೆ ಅವರು ಸಂತೆಗೂ ಹೋಗಬೇಕು. ಅದಕ್ಕೇ ಈ ಕೆಲಸದಲ್ಲಿ ಕ್ಯಾಮೆರಾ ಹಿಡಿಯುವುದಕ್ಕಿಂತ ಮಾತಾಡುವುದೇ ಜಾಸ್ತಿ: ಮುಖ ಕಾಣಬೇಕಾ, ರೂಮಿನಲ್ಲಿ ಯಾರಿರಬೇಕು, ಯಾವ ಚಿತ್ರ ಹೊರಗೆ ಹೋಗಬಹುದು, ಎಲ್ಲಾ ಮೊದಲೇ ಬರೆದು ಸಹಿ ಮಾಡಿಕೊಳ್ಳಬೇಕು. ಇನ್ನೊಂದು ಸಣ್ಣ ವಿಷಯ, ಒಂದೆರಡು ತಾಸು ಮೊದಲೇ ಸಡಿಲ ಬಟ್ಟೆ ಹಾಕಿಕೊಳ್ಳಲು ಹೇಳುತ್ತಾರೆ, ಇಲ್ಲದಿದ್ದರೆ ಸೊಂಟದ ಮೇಲೆ ಇಲಾಸ್ಟಿಕ್ ಗುರುತು ಉಳಿದು ಚಿತ್ರ ಕೆಡುತ್ತೆ.

ಬರೀ ನಗ್ನತೆ ಅಶ್ಲೀಲವಲ್ಲ, ಚಿತ್ರವನ್ನು ಇಡಿಯಾಗಿ, ಇಂದಿನ ಸಮಾಜದ ಕಣ್ಣಿಂದ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಟೆನಿಸ್ ಆಟಗಾರ ಬೋರಿಸ್ ಬೆಕರ್ ಫೋಟೊದ ಕೇಸು ಅದು.

ನಮ್ಮ ಕಡೆಯ ತೊಡಕು ಕೋರ್ಟಿಗಿಂತ ಹತ್ತಿರದ್ದು. ವೆಸ್ಟನ್ ತನ್ನ ಪ್ರಿಂಟ್ ತಾನೇ ತೊಳೆಯುತ್ತಿದ್ದ. ಬಾಗಲಕೋಟೆಯಲ್ಲಿ ಪೆನ್‌ಡ್ರೈವ್ ಲ್ಯಾಬಿಗೆ ಹೋಗುತ್ತೆ, ಅಲ್ಲಿ ಕೂತ ಹುಡುಗನೂ ನೋಡ್ತಾನೆ, ಅವನ ದೋಸ್ತರೂ ನೋಡ್ತಾರೆ. ಹಾಗಾಗಿ ನನಗೆ ಗೊತ್ತಿರುವ ಒಬ್ಬಾತ ಮನೆಯಲ್ಲೇ ಒಂದು ಪ್ರಿಂಟರ್ ಇಟ್ಟುಕೊಂಡಿದ್ದಾನೆ. ಕೇಳಿದವರಿಗೆ, ಸುಮ್ನೆ ಜಾತ್ರೆ ಫೋಟೊಗೆ ಅಂತಾನೆ.